ಕಲ್ಲಿನ ಗೋಡೆಗೆ ಕಲ್ಲು ಅಂಟಿಸುವ ಮೊದಲು

ಸದಸ್ಯ ಬಾಂಧವರಲ್ಲಿ ಒಂದು ಅರಿಕೆ. ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕ, ಧಾರಣೆ, ಸಾಲದ ಕಂತು ಇವುಗಳ ಬಗ್ಗೆಯೇ ಈ ಪುಟದಲ್ಲಿ ಬರೆಯುತ್ತ ಬಂದಿರುವ ನಾನು ಈ ಸಲ ಮನೆಯ ಹೊರಗೋಡೆ ಮತ್ತು ಮಾಡಿನ ವಿಚಾರ ಎತ್ತಿಕೊಂಡಿದ್ದೇನೆ. ಕಾರಣ ತಿಳಿಸುತ್ತೇನೆ. ಕಳೆದ ಮಹಾಸಭೆಯ ದಿನ ಚಹಾ ವಿರಾಮದಲ್ಲಿ ನಮ್ಮ ತರುಣ ಸದಸ್ಯರು ಐದಾರು ಮಂದಿ ಒಂದು ಮೊಬೈಲಿನ ಸುತ್ತ ನೆರೆದಿದ್ದರು. ರೋಬಸ್ಟಾ ಧಾರಣೆ ನೋಡುತ್ತಿರಬಹುದೆಂದು ನಾನೂ ಇಣುಕಿದೆ. ಕಂಡದ್ದು ಒಂದು ಮನೆಯ ಚಿತ್ರ. ಮುಂಗೋಡೆಗೆ ಒರಟು ಕಲ್ಲು, ಮೇಲೆ ಕಡುಬೂದು ಬಣ್ಣದ ಶಿಂಗಲ್ಸ್ ಹೊದಿಸಿದ ಇಳಿಜಾರು ಮಾಡು. ಅವರಲ್ಲೊಬ್ಬರು, "ಸೆಕ್ರೆಟರಿಯವರೇ, ಇದು ನಮ್ಮ ಮಳೆಗೆ ತಡೆಯುತ್ತದೆಯೇ? ನೀವು ಹೇಳಿ" ಎಂದು ಕೇಳಿದರು. ಆ ಹೊತ್ತಿಗೆ ಸಭೆಯ ಗಂಟೆ ಬಾರಿಸಿತು. ಉತ್ತರ ನನ್ನ ಮೇಲೆ ಬಾಕಿ ಉಳಿಯಿತು.

ಪ್ರಶ್ನೆ ಹಗುರವಾದದ್ದಲ್ಲ. 2024 ಮತ್ತು 2025ರಲ್ಲಿ ಕಾಫಿಯ ಧಾರಣೆ ಏರಿದ್ದರಿಂದ, ಹತ್ತು ಹದಿನೈದು ವರ್ಷ ಮನೆ ರಿಪೇರಿಯನ್ನು ಮುಂದೂಡುತ್ತ ಬಂದವರೆಲ್ಲ ಈಗ ಕೈ ಹಾಕಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಕಾಫಿ ಧಾರಣೆ ಇಳಿಯುವುದನ್ನೂ ನಾವು ಕಂಡವರು. ಈ ಹಣ ಒಮ್ಮೆ ಗೋಡೆಗೆ ಹೋದರೆ ಮತ್ತೆ ಕೈಗೆ ಬರುವುದಿಲ್ಲ. ಹಾಗಾಗಿ ನನಗೆ ತಿಳಿದಷ್ಟನ್ನು, ನಾನೇ ಮಾಡಿಕೊಂಡ ಒಂದು ತಪ್ಪನ್ನೂ ಸೇರಿಸಿ, ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಶಿಂಗಲ್ ಎಂದರೇನು ನೋಡೋಣ. ಚಿಕ್ಕ ಚಿಕ್ಕ ಚಪ್ಪಟೆ ತುಂಡುಗಳನ್ನು ಮೀನಿನ ಹುರುಪೆಯಂತೆ ಒಂದರ ತಲೆಯ ಮೇಲೆ ಇನ್ನೊಂದರ ಕಾಲು ಬರುವ ಹಾಗೆ ಹೊದಿಸುತ್ತ ಹೋಗುವುದು. ತುಂಡು ಮರದ್ದಿರಬಹುದು, ಕಲ್ಲಿನ ಹಲ್ಲೆಯಿರಬಹುದು. ಈಗ ಅಂಗಡಿಯಲ್ಲಿ ಶಿಂಗಲ್ಸ್ ಎಂದು ಮಾರುವುದು ಗಾಜಿನ ನಾರಿನ ಚಾಪೆಗೆ ಡಾಂಬರು ಸವರಿ, ಮೇಲೆ ಬಣ್ಣದ ಕಲ್ಲಿನ ಹರಳು ಉದುರಿಸಿದ ಹಾಳೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ 1880ರ ದಶಕದಲ್ಲಿ ಶ್ರೀಮಂತರ ಬೇಸಿಗೆ ಮನೆಗಳಿಗೆ ಈ ಬಗೆಯ ಹೊದಿಕೆ ಬಹಳ ನಡೆಯಿತು. ಅಲ್ಲಿ ಮಾಡಿಗಷ್ಟೇ ಅಲ್ಲ, ಗೋಡೆಗೂ ಸೀಡರ್ ಮರದ ಬಿಲ್ಲೆಗಳನ್ನೇ ಹೊಡೆಯುತ್ತಿದ್ದರು. ಕೆಳಗೆ ಅಡಿಪಾಯದಿಂದ ಎದೆಮಟ್ಟದವರೆಗೆ, ಕೆಲವೊಮ್ಮೆ ಇಡೀ ಕೆಳ ಅಂತಸ್ತಿಗೆ, ಅದೇ ನೆಲದ ಕಲ್ಲು. ನೆಲದ ತೇವ ಮರಕ್ಕೆ ತಾಗಬಾರದು, ಹಿಮ ಕರಗಿದ ನೀರು ಮರವನ್ನು ಕೊಳೆಸಬಾರದು ಎಂಬುದು ಆ ಜೋಡಣೆಯ ಒಳಗಿನ ಲೆಕ್ಕ. ಕಲ್ಲು ಭಾರ ಹೊತ್ತಿತು, ನೀರು ತಡೆಯಿತು. ಬಿಲ್ಲೆ ಹಗುರವಾಗಿ ಮೇಲೆ ಕುಳಿತು ಮಳೆಯನ್ನು ಜಾರಿಸಿತು. ಚಿತ್ರದಲ್ಲಿ ನಾವು ಮೆಚ್ಚುವ ಚೆಂದ ಆ ಲೆಕ್ಕದಿಂದ ಬಂದದ್ದು.

ನಮ್ಮವರಿಗೆ ಇದು ಹೊಸದೇನಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯನ್ನು ನೋಡಿದವರು ಅದರ ಮಾಡನ್ನು ನೆನಪಿಸಿಕೊಳ್ಳಲಿ. ಬಾದಾಮಿ ಚಾಲುಕ್ಯರ ಕಾಲದ ಆ ಗುಡಿಯ ಮೇಲೆ ಕಲ್ಲಿನ ಹಾಸುಗಳನ್ನು ಇಳಿಜಾರಾಗಿ ಹೊದಿಸಿ, ಎರಡು ಹಾಸು ಸೇರುವ ಸಂದಿನ ಮೇಲೆ ಮರದ ದಿಂಡಿನ ಆಕಾರದ ಉದ್ದನೆಯ ಕಲ್ಲುಪಟ್ಟಿಯನ್ನು ಕೂರಿಸಿದ್ದಾರೆ. ಸಂದಿಗೆ ನೀರು ಇಳಿಯಬಾರದು, ಅಷ್ಟೇ. ಮರದ ಮನೆ ಕಟ್ಟಿ ಅಭ್ಯಾಸವಿದ್ದ ಕೈಗಳು ಕಲ್ಲಿನಲ್ಲೂ ಅದೇ ಉಪಾಯ ಮಾಡಿದವು. ಘಟ್ಟದ ಕೆಳಗೆ ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಸ್ಥಾನಕ್ಕೂ ಕಲ್ಲಿನ ಇಳಿಜಾರು ಮಾಡೇ ಇದೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಕಲ್ಲು, ಮೇಲಿನ ಅಂತಸ್ತಿನಲ್ಲಿ ಮರದ ಕೆಲಸ. ಅಮೆರಿಕದವರು ಹೇಳಿಕೊಡುವ ಮೊದಲೇ ಕೆಳಗೆ ಭಾರ, ಮೇಲೆ ಹಗುರ ಎಂಬ ಕ್ರಮ ಈ ಸೀಮೆಯಲ್ಲಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆ, ಹುಲ್ಲು, ನಾಡಹೆಂಚುಗಳ ಜಾಗಕ್ಕೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಮಂಗಳೂರು ಹೆಂಚು ಬಂತು. ಕೆಲಸದ ರೀತಿಯಲ್ಲಿ ನೋಡಿದರೆ ಅದೂ ಮಣ್ಣಿನ ಶಿಂಗಲ್ಲೇ.

ಇನ್ನು ನನ್ನ ತಪ್ಪಿನ ವಿಚಾರ. 2018ರ ಬೇಸಿಗೆಯಲ್ಲಿ ನನ್ನ ಮನೆಯ ಮುಂಗೋಡೆಗೆ ಕಲ್ಲಿನ ಹಲ್ಲೆ ಅಂಟಿಸಿದೆ. ಗೋಡೆ ಜಂಬಿಟ್ಟಿಗೆಯದು, ನಮ್ಮ ತಂದೆಯವರು ಕಟ್ಟಿಸಿದ್ದು. ಅದಕ್ಕೆ ಏನೂ ಆಗಿರಲಿಲ್ಲ. ಹಳೆಯದಾಗಿ ಕಾಣುತ್ತಿತ್ತು, ಅಷ್ಟೇ. ಕಂಟ್ರಾಕ್ಟರು ಪ್ರತಿ ಹಲ್ಲೆಯ ಬೆನ್ನಿಗೆ ಐದು ಕಡೆ ಬೊಟ್ಟು ಇಟ್ಟಂತೆ ಗಾರೆ ಮೆತ್ತಿ ಒತ್ತಿದರು. ಒಂದೇ ವಾರದಲ್ಲಿ ಕೆಲಸ ಮುಗಿಯಿತು. ಬಂದವರೆಲ್ಲ ಮೆಚ್ಚಿದರು. ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಒಳಗೋಡೆಯಲ್ಲಿ ಎದೆಮಟ್ಟಕ್ಕೆ ಒದ್ದೆ ಕಾಣಿಸಿಕೊಂಡಿತು. 2019ರ ಆಗಸ್ಟಿನ ಮಳೆ ನಿಮಗೆಲ್ಲ ನೆನಪಿದೆ. ಆ ತಿಂಗಳ ಒಂದು ಬೆಳಿಗ್ಗೆ ಮೂರು ಹಲ್ಲೆಗಳು ಕಳಚಿ, ಲೋಡು ಮಾಡಲು ಜೀಪು ನಿಲ್ಲಿಸುವ ಜಾಗಕ್ಕೇ ಬಿದ್ದವು. ಜೀಪು ಇರಲಿಲ್ಲ, ಆಳುಗಳೂ ಇರಲಿಲ್ಲ. ಅದು ನನ್ನ ಪುಣ್ಯ, ಕಂಟ್ರಾಕ್ಟರ ಕೌಶಲವಲ್ಲ.

ಆಮೇಲೆ ಕಿತ್ತು ನೋಡಿದಾಗ ಕಾರಣ ತಿಳಿಯಿತು. ಜಂಬಿಟ್ಟಿಗೆ ನೀರು ಹೀರುವ ಕಲ್ಲು. ಮಳೆಯಲ್ಲಿ ಕುಡಿಯುತ್ತದೆ, ಬಿಸಿಲಲ್ಲಿ ಆರುತ್ತದೆ. ಅದರ ಮೈಗೆ ಗಟ್ಟಿ ಹಲ್ಲೆ ಮುಚ್ಚಿದೆವು, ಹಿಂದೆ ಬೊಟ್ಟುಗಳ ನಡುವೆ ಟೊಳ್ಳು ಉಳಿಯಿತು, ಮೇಲಂಚಿಗೆ ನೀರು ಹೊರಗೆ ಹಾಕುವ ಟೋಪಿಕಲ್ಲು ಇಡಲಿಲ್ಲ. ಮೇಲಿಂದ ಇಳಿದ ನೀರು ಟೊಳ್ಳಿನಲ್ಲಿ ನಿಂತು ಆರಲು ದಾರಿಯಿಲ್ಲದೆ ಒಳಕ್ಕೆ ನಡೆಯಿತು. ಭಾರದ ಲೆಕ್ಕವನ್ನೂ ನಾನು ಹಾಕಿರಲಿಲ್ಲ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಹಲ್ಲೆ ಒಂದು ಚದರ ಮೀಟರಿಗೆ 50 ಕಿಲೋಗೂ ಮೇಲೆ ತೂಗುತ್ತದೆ. ಮೀಟರಿಗೊಂದು ಕಾಫಿ ಚೀಲವನ್ನು ಗೋಡೆಗೆ ಬರೀ ಅಂಟಿನ ಬಲದಿಂದ ನೇತುಹಾಕಿದ ಹಾಗೆ. ಒಂದು ಆಳಿನೆತ್ತರ ದಾಟಿ ಮೇಲೆ ಹೋದಂತೆಲ್ಲ ಸ್ಟೀಲಿನ ಕೊಕ್ಕೆ ಹಾಕಿ ಗೋಡೆಗೆ ಕಚ್ಚಿಸದೆ ಇಂಥ ಕೆಲಸ ಮಾಡಲೇಬಾರದು.

ಮಹಾಸಭೆಯಾದ ವಾರದಲ್ಲೇ ಹಿರೇವಡ್ಡಟ್ಟಿಯಿಂದ ನನ್ನ ತಮ್ಮನ ಫೋನು ಬಂತು. ಬಲ್ಲವರು ಬಲ್ಲರು, ನಮ್ಮ ಮೂಲ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿ. ತಂದೆಯವರು ಬಾಳೆಹೊನ್ನೂರು ಕಡೆಯ ತೋಟವೊಂದಕ್ಕೆ ರೈಟರಾಗಿ ಬಂದು, ಆಮೇಲೆ ಆರು ಎಕರೆ ಮಾಡಿಕೊಂಡು ಇಲ್ಲಿಯೇ ನಿಂತರು. ನಾನು ಅಜ್ಜ ಅಜ್ಜಿಯರ ಬಳಿ ಊರಲ್ಲೇ ಬೆಳೆದು, ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಬಂದವನು. ತಮ್ಮ ಊರಿನ ಹೊಲ ಮನೆ ನೋಡಿಕೊಂಡಿದ್ದಾನೆ. ಹಿರಿಯರ ಮನೆ ಕೆಡವಿ ಹೊಸದು ಕಟ್ಟಬೇಕೆಂದಿದ್ದಾನೆ, ನನ್ನ ಪಾಲೂ ಅದರಲ್ಲಿರುವುದರಿಂದ ಒಪ್ಪಿಗೆ ಬೇಕು ಎಂದ. "ಅಣ್ಣಾ, ನಿಮ್ಮ ಕಡೆ ಹೋಮ್‌ಸ್ಟೇ ಮನಿ ಹೆಂಗ ಅದಾವು ನೋಡು. ಗ್ವಾಡಿಗೆ ಕಲ್ಲು ಹಚ್ಚ್ಯಾರ, ಮ್ಯಾಲೆ ಶಿಂಗಲ್ಸ್ ಹಾಕ್ಯಾರ. ನಾವೂ ಹಂಗ ಮಾಡೂಣು" ಎಂದ. ನಮ್ಮದೇ ಸೀಮೆಯ ರೋಗ ಅಲ್ಲಿಗೂ ಹಬ್ಬಿದೆ ಎಂದುಕೊಂಡು ಮರುದಿನ ಬಸ್ಸು ಹತ್ತಿದೆ.

ಆ ಮನೆಯನ್ನು ಸ್ವಲ್ಪ ವಿವರಿಸಬೇಕು. ಗೋಡೆ ಎರಡೂವರೆ ಅಡಿ ದಪ್ಪ. ಹೊರಗೊಂದು ಒಳಗೊಂದು ಕಲ್ಲಿನ ಮುಖ, ನಡುವೆ ಚಕ್ಕೆಕಲ್ಲು ಮತ್ತು ಮಣ್ಣು, ಅಲ್ಲಲ್ಲಿ ಎರಡು ಮುಖಗಳನ್ನೂ ಹಿಡಿದಿಡುವ ಉದ್ದ ಕಲ್ಲು. ಎಲ್ಲವೂ ಅದೇ ಸೀಮೆಯ ಕಲ್ಲು, ಎತ್ತಿನ ಬಂಡಿಯಲ್ಲಿ ಬಂದದ್ದು. ಮೇಲೆ ಮಾಳಿಗೆ: ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಕೊನೆಗೆ ಸವಳು ಮಣ್ಣಿನ ಹೊದಿಕೆ. ಸುತ್ತ ಗೇಣುದ್ದದ ಕುಂಬಿ. ವರ್ಷಕ್ಕೆ 25 ಇಂಚು ಮಳೆ ಬಿದ್ದರೆ ಹೆಚ್ಚು ಎನ್ನುವ ನಾಡಿನಲ್ಲಿ ಆ ಮಣ್ಣಿನ ಮಾಳಿಗೆ ಸಾಕಾಗುತ್ತಿತ್ತು. ನಮ್ಮಲ್ಲಿ ನೂರು ಇಂಚಿನ ಆಸುಪಾಸು ಮಳೆ. ಅಂಥ ಮಾಳಿಗೆ ಇಲ್ಲಿ ಒಂದು ಮೃಗಶಿರಾ ಮಳೆಯನ್ನೂ ದಾಟದು. ಅಲ್ಲಿಯ ಬಿಸಿಲಿನಲ್ಲಿ ನಮ್ಮ ಹೆಂಚಿನ ಮಾಡಿನ ಕೆಳಗೆ ಕುಳಿತವನೂ ಬೆವರಿ ಏಳಬೇಕು. ಏಪ್ರಿಲ್ ಮಧ್ಯಾಹ್ನ ಆ ಪಡಸಾಲೆಯಲ್ಲಿ ಕಾಲಿಟ್ಟರೆ ಬಾವಿಯ ಮೆಟ್ಟಿಲಿಳಿದಷ್ಟು ತಂಪು. ದಪ್ಪ ಗೋಡೆ ಹಗಲಿನ ಕಾವನ್ನು ಒಳಗೆ ಬಿಡಲು ಸಂಜೆಯವರೆಗೆ ತಡೆಯುತ್ತದೆ. ಅಷ್ಟರಲ್ಲಿ ಗಾಳಿ ತಣ್ಣಗಾಗಿರುತ್ತದೆ, ನಾವು ಹಾಸಿಗೆ ಹೊತ್ತುಕೊಂಡು ಮಾಳಿಗೆ ಹತ್ತಿರುತ್ತೇವೆ.

ತಮ್ಮ ಅಂದಾಜು ಪಟ್ಟಿ ತೋರಿಸಿದ. ಹಳೆಯ ಮನೆ ಕೆಡವುವ ಖರ್ಚು. ಬಂದ ಕಲ್ಲನ್ನು ರಸ್ತೆಗೆ ತುಂಬಲು ಪುಕ್ಕಟೆ ಒಯ್ಯುತ್ತಾರಂತೆ. ಆಮೇಲೆ ಸಿಮೆಂಟ್ ಬ್ಲಾಕಿನ ಆರಿಂಚು ಗೋಡೆ. ಅದರ ಮುಂದೆ ಕಲ್ಲಿನ ಹಲ್ಲೆ, ಚದರಡಿ ಲೆಕ್ಕದಲ್ಲಿ. ಮೇಲೆ ಕಾಂಕ್ರೀಟಿನ ಇಳಿಜಾರು, ಅದಕ್ಕೆ ಶಿಂಗಲ್ಸ್.

"ಈ ಹಲ್ಲೆ ಎಲ್ಲಿಂದ ಬರ್ತಾವು?" ಎಂದು ಕೇಳಿದೆ.

"ಹುಬ್ಬಳ್ಳಿಯೊಳಗ ಸಿಗತಾವು. ಮೂಲ ರಾಜಸ್ಥಾನದ್ದು ಅಂತ."

ನಾನು ಗೋಡೆಯ ಕಡೆ ನೋಡಿದೆ. ಅವನೂ ನೋಡಿದ. ಎರಡೂವರೆ ಅಡಿ ಕಲ್ಲನ್ನು ಪುಕ್ಕಟೆ ಕೊಟ್ಟು ಮುಕ್ಕಾಲಿಂಚು ಕಲ್ಲನ್ನು ದುಡ್ಡು ಕೊಟ್ಟು ತರುವ ಲೆಕ್ಕ ಅವನಿಗೂ ಹೊಳೆಯಿತೆಂದು ತೋರುತ್ತದೆ. ಆದರೆ ಸುಮ್ಮನಿದ್ದ.

ಊರಿನ ಹಳೆಯ ಗೌಂಡಿಯೊಬ್ಬರನ್ನು ಕರೆಸಿದೆ. ಎಂಬತ್ತರ ಹತ್ತಿರದ ವಯಸ್ಸು. ಕೋಲಿನಿಂದ ಗೋಡೆಗೆ ಕುಟ್ಟುತ್ತ ಮನೆಯ ಸುತ್ತ ಒಂದು ಸುತ್ತು ಬಂದರು. ಉತ್ತರದ ಗೋಡೆಯ ಹತ್ತಡಿ ಜಾಗದಲ್ಲಿ ನಿಂತು, "ಇಲ್ಲಿ ಹೊಟ್ಟಿ ಬಂದೈತಿ ತಮ್ಮಾ. ಇಷ್ಟ ಬಿಚ್ಚಿ ಕಟ್ಟಬೇಕು. ಉಳಿದದ್ದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರತೈತಿ" ಎಂದರು. ಹೊಟ್ಟೆ ಬಿಟ್ಟದ್ದಕ್ಕೆ ಕಾರಣವನ್ನೂ ತೋರಿಸಿದರು. ಮಾಳಿಗೆಯ ನೀರು ಬೀಳುವ ದೋಣಿ ಅಲ್ಲಿ ಒಡೆದು ಎಷ್ಟೋ ವರ್ಷವಾಗಿದೆ. ಜೊತೆಗೆ ಹದಿನೈದು ವರ್ಷದ ಹಿಂದೆ ಆ ಗೋಡೆಗೆ ಸಿಮೆಂಟು ಗಿಲಾವು ಮಾಡಿಸಲಾಗಿತ್ತು. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಸಿಮೆಂಟಿನ ಅಂಗಿ ತೊಡಿಸಿದರೆ ಒಳಗೆ ಇಳಿದ ನೀರು ಆರುವುದಿಲ್ಲ. ನಡುವಿನ ಮಣ್ಣು ನೆನೆದು ಕುಸಿದು ಹೊರಮುಖವನ್ನು ನೂಕುತ್ತದೆ. ಬಾಳೆಹೊನ್ನೂರಿನ ನನ್ನ ಮನೆಯಲ್ಲಿ ಆದದ್ದೂ ಇಲ್ಲಿ ಆದದ್ದೂ ಒಂದೇ ಕಾಯಿಲೆ. ಗಿಲಾವು ಮಾಡಿಸಲು ಆಗ ಹಣ ಕಳಿಸಿದವನು ನಾನೇ ಎಂಬುದನ್ನು ತಮ್ಮ ಮರೆಯದೆ ನೆನಪಿಸಿದ.

ಇಷ್ಟರಲ್ಲಿ ನಾನು ಗೆದ್ದೆನೆಂದುಕೊಂಡಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ತಮ್ಮನ ಹೆಂಡತಿ ರೊಟ್ಟಿ ಬಡಿಸುತ್ತ, "ಮಾಳಿಗಿ ಸೋರೂದು ನೀವು ನೋಡಿಲ್ಲರಿ. ವರ್ಷಾ ಮಳಿಗೆ ಮೊದಲ ಮಣ್ಣು ಹಾಕಸಬೇಕು, ಆಳು ಸಿಗೂದಿಲ್ಲ. ಜಂತಿಯಿಂದ ಚೇಳು ಬೀಳತಾವು. ಅಡಗಿ ಮನ್ಯಾಗ ಹಗಲಿಗೂ ಲೈಟ್ ಹಚ್ಚಬೇಕು. ನಿಮಗ ವರ್ಷಕ್ಕ ಎರಡು ದಿನದ ಮನಿ, ನಮಗ ದಿನಾ" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ಮನೆಯ ತಂಪನ್ನು ಹೊಗಳಿ ಬರೆಯುವವರು ಹೆಚ್ಚಾಗಿ ಆ ಮನೆಯಲ್ಲಿ ಇಲ್ಲದವರೇ, ನಾನೂ ಸೇರಿ. ಆ ಹೆಣ್ಣುಮಗಳು ಕೇಳಿದ್ದು ಶಿಂಗಲ್ಸ್ ಅಲ್ಲ. ಸೋರದ ಮಾಡು, ಬೆಳಕು, ಚೇಳಿಲ್ಲದ ಹಾಸಿಗೆ. ಅದನ್ನು ಕೊಡಲು ಗೋಡೆ ಕೆಡವಬೇಕಾಗಿಲ್ಲ, ಆದರೆ ಮಾಳಿಗೆಯನ್ನು ಇದ್ದ ಹಾಗೆ ಉಳಿಸುವುದೂ ನ್ಯಾಯವಲ್ಲ ಎಂದು ಅಲ್ಲಿಯೇ ಒಪ್ಪಿದೆ.

ಮರುದಿನ ಮಾಳಿಗೆ ಹತ್ತಿದೆವು. ಅಲ್ಲಿ ಅರ್ಧ ಜಾಗದಲ್ಲಿ ಮೆಣಸಿನಕಾಯಿ ಹರಡಿತ್ತು. "ಇಳಿಜಾರು ಮಾಡಿದರ ಇದನ್ನ ಎಲ್ಲಿ ಒಣಗಸ್ತೀ?" ಎಂದೆ. ತಮ್ಮ ಮೊದಲ ಸಲ ಯೋಚನೆಗೆ ಬಿದ್ದ. ಶೇಂಗಾ, ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಬೇಸಿಗೆಯ ಹಾಸಿಗೆ ಎಲ್ಲದಕ್ಕೂ ಅಲ್ಲಿ ಮಾಳಿಗೆಯೇ ಅಂಗಳ.

ಇದೇ ಮಾತನ್ನು ನಮ್ಮ ಸದಸ್ಯರಿಗೂ ಹೇಳಬೇಕಾಗಿದೆ. ಮಲೆನಾಡಿನಲ್ಲಿ ಮಳೆಗೆ ಇಳಿಜಾರು ಮಾಡೇ ಸರಿ, ನಿಜ. ಆದರೆ ಈಗಿರುವ ಸಪಾಟು ತಾರಸಿಯ ಮೇಲೆ ಹಂಗಾಮಿನಲ್ಲಿ ಎಷ್ಟು ಅಡಿಕೆ, ಎಷ್ಟು ಕಾಫಿ, ಎಷ್ಟು ಮೆಣಸು ಒಣಗುತ್ತದೆ ಎಂಬ ಲೆಕ್ಕ ಹಾಕದೆ ಅದರ ಮೇಲೆ ಶಿಂಗಲ್ಸ್ ಮಾಡು ಏರಿಸಿದರೆ, ಬರುವ ಡಿಸೆಂಬರಿನಲ್ಲಿ ಒಣಗಿಸಲು ಹೊಸ ಕಣಕ್ಕೆ ಕಾಂಕ್ರೀಟು ಹಾಕಬೇಕಾಗುತ್ತದೆ. ಸಂಘಕ್ಕೆ ಬರುವ ಕಣದ ಸಾಲದ ಅರ್ಜಿಗಳಲ್ಲಿ ಒಂದೆರಡು ಈಗಾಗಲೇ ಈ ಬಗೆಯವು. ಹೆಸರು ಹೇಳುವುದಿಲ್ಲ.

ಹಾಗೆಂದ ಮಾತ್ರಕ್ಕೆ ನಾನು ಶಿಂಗಲ್ಸ್‌ನ ವಿರೋಧಿಯೆಂದು ಯಾರೂ ತಿಳಿಯಬಾರದು. ಅದರ ಪರವಾಗಿ ಹೇಳುವುದು ಬಹಳವಿದೆ, ಅದರಲ್ಲಿ ಮೊದಲನೆಯದು ಮಂಗ. ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಿಂಡು ಮಾಡಿನ ಮೇಲೆ ಓಡಿದರೆ ಹತ್ತು ಹೆಂಚು ಹೋಯಿತು. ಜುಲೈ ಮಳೆಯಲ್ಲಿ ಹೆಂಚು ಬದಲಿಸಲು ಮಾಡು ಹತ್ತುವವರು ಈಗ ಯಾರು? ಶಿಂಗಲ್ಸ್ ಮಂಗನ ಕಾಲಿಗೆ ಒಡೆಯುವುದಿಲ್ಲ. ಎರಡನೆಯದು ಭಾರ. ಮಂಗಳೂರು ಹೆಂಚು ಒಂದೊಂದು ಎರಡರಿಂದ ಎರಡೂವರೆ ಕಿಲೋ, ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, ನೆನೆದಾಗ ಇನ್ನೂ ಹೆಚ್ಚು. ಶಿಂಗಲ್ಸ್ ಅದರ ಮೂರನೆಯ ಒಂದು ಪಾಲು ಮಾತ್ರ. ಮರ ದುಬಾರಿಯಾದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮಂಗಳೂರು ಕಡೆಯ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದರಿಂದ ಒಳ್ಳೆಯ ಹೆಂಚು ಸಿಗುವುದೂ ಕಷ್ಟವಾಗಿದೆ.

ಆದರೆ ಹಾಕುವವರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. 12 ಅಡಿ ಅಡ್ಡಕ್ಕೆ 4 ಅಡಿ ಏರು ಇಲ್ಲದ ಮಾಡಿಗೆ ಶಿಂಗಲ್ಸ್ ಹೊದಿಸುವುದಾದರೆ ಅಡಿಯಲ್ಲಿ ಎರಡು ಪದರ ನೀರುತಡೆ ಹಾಳೆ ಬೇಕು. ನಮ್ಮ ಮಳೆಗೆ ಅದಕ್ಕಿಂತ ಕಡಿದಾದ ಮಾಡೇ ಕ್ಷೇಮ. ನಮ್ಮ ಹಿರಿಯರ ಹೆಂಚಿನ ಮಾಡುಗಳನ್ನು ಅಳೆದರೆ 30 ಡಿಗ್ರಿಗೆ ಕಡಿಮೆಯವು ಅಪರೂಪ, ಅದನ್ನೇ ಅನುಸರಿಸಿದರೆ ತಪ್ಪಿಲ್ಲ. ಅಡಿಯ ಹಲಗೆ ನೀರಿಗೆ ಉಬ್ಬದ ಜಾತಿಯದಾಗಿರಲಿ. ಹಲಗೆಯ ಕೆಳಗೆ ಸೂರಿನಿಂದ ಮುಡುಬಿಗೆ ಗಾಳಿ ಹರಿಯಲು ಜಾಗ ಬಿಡಿ. ಇಲ್ಲದಿದ್ದರೆ ಡಾಂಬರಿನ ಹಾಳೆ ಬಿಸಿಲಿಗೆ ಕಾದು ಕೋಣೆಯನ್ನು ಒಲೆ ಮಾಡುತ್ತದೆ. ನೆರಳಿನ ಬದಿಗೆ ಪಾಚಿ ಹಿಡಿಯುವುದು ಖಂಡಿತ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಹರಳೂ ಉದುರಿ ಹಾಳೆಯ ಆಯುಷ್ಯ ಅರ್ಧವಾಗುತ್ತದೆ. ಮಾಡಿನ ಮೇಲೆ ಬಾಗಿದ ಬಳಂಜಿಯ ಕೊಂಬೆಯನ್ನು ಮೊದಲೇ ಕಡಿಸಿಬಿಡುವುದು ಮೇಲು. ಮಾಡಿನ ನೀರನ್ನು ಕುಡಿಯಲು ಹಿಡಿಯುವವರು ಮೊದಲ ಮಳೆಗಳನ್ನು ಹೊರಗೆ ಬಿಡಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕಲ್ಲಿನ ಗೋಡೆಯೂ ಶಿಂಗಲ್ಸ್ ಮಾಡೂ ಕೂಡುವ ಮೂಲೆ. ನಾನು ನೋಡಿದ ಸೋರುವ ಮನೆಗಳಲ್ಲಿ ಹತ್ತಕ್ಕೆ ಎಂಟು ಸೋರುವುದು ಅಲ್ಲೇ. ಜಾಹೀರಾತಿನ ಚಿತ್ರದಲ್ಲಿ ಕಲ್ಲು ನೇರ ಮಾಡಿನ ಮೇಲೆ ಕುಳಿತ ಹಾಗೆ ಕಾಣುತ್ತದೆ. ನಿಜವಾಗಿ ಹಾಗೆ ಕೂರಿಸಬಾರದು. ಗೋಡೆಯ ಕಲ್ಲಿನ ಸಂದಿನಲ್ಲಿ ಗಾಡಿ ಕೊರೆದು ತಗಡಿನ ಅಂಚನ್ನು ಅದರೊಳಗೆ ತೂರಿಸಿ, ಆ ತಗಡು ಕೆಳಗೆ ಶಿಂಗಲ್ಸಿನ ಪ್ರತಿ ಸಾಲಿನ ಜೊತೆಗೂ ಮೆಟ್ಟಿಲು ಮೆಟ್ಟಿಲಾಗಿ ಹೆಣೆದುಕೊಂಡು ಇಳಿಯಬೇಕು. ಕಲ್ಲಿನ ಕೆಳ ಅಂಚು ಮಾಡಿನಿಂದ ಎರಡು ಇಂಚು ಮೇಲೇ ನಿಲ್ಲಬೇಕು. ಈ ಎರಡು ಇಂಚಿನ ಸಂದು ಚೆಂದ ಕಾಣುವುದಿಲ್ಲವೆಂದು ಸಿಮೆಂಟು ತುಂಬಿ ಮುಚ್ಚುವ ಮೇಸ್ತ್ರಿಗಳಿದ್ದಾರೆ. ಕೈ ಹಿಡಿದು ನಿಲ್ಲಿಸಿ.

ಕಲ್ಲು ಬೇಕೆನ್ನುವವರು ನೆಲದಿಂದ ಕಿಟಕಿಯ ಕೆಳಗಿನವರೆಗೆ ನಿಜವಾದ ಕಲ್ಲನ್ನೇ ಕಟ್ಟಿಸಲಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಸರು ಚಿಮ್ಮುವ ಎತ್ತರ ಅದು; ಅಲ್ಲಿ ಕಲ್ಲಿಗೆ ಕೆಲಸವಿದೆ. ಕಿಟಕಿಯ ಮೇಲೆ ಅಂಟಿಸಿದ ಕಲ್ಲಿಗೆ ಕೆಲಸವಿಲ್ಲ, ಬೀಳುವ ಭಯವೊಂದೇ ಇದೆ. ಸೂರನ್ನು ಮೂರಡಿ ಹೊರಗೆ ಚಾಚಿದರೆ ಮೇಲಿನ ಗೋಡೆಗೆ ಸುಣ್ಣ ಬಳಿದರೂ ಸಾಕು. ಜಂಬಿಟ್ಟಿಗೆಯ ಮನೆಯವರು ಗೋಡೆಗೆ ಏನನ್ನೂ ಅಂಟಿಸದೆ ಸಂದುಗಳನ್ನು ಸುಣ್ಣದ ಗಾರೆಯಿಂದ ತುಂಬಿಸಿ ಹಾಗೇ ಬಿಟ್ಟರೆ, ಹೋಮ್‌ಸ್ಟೇಗೆ ಬರುವ ಬೆಂಗಳೂರಿನವರು ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಲ್ಲೆ ಕಿತ್ತ ಮೇಲೆ ನನ್ನ ಗೋಡೆಯ ಕಥೆಯೂ ಅದೇ. ಕಿತ್ತ ಗುರುತುಗಳು ಮಾತ್ರ ಇನ್ನೂ ಇವೆ.

ಊರಿನ ಮನೆಯ ತೀರ್ಮಾನ ಹೀಗಾಯಿತು. ಉತ್ತರದ ಹತ್ತಡಿ ಬಿಚ್ಚಿ ಅದೇ ಕಲ್ಲಿನಿಂದ ಕಟ್ಟುವುದು. ಸಿಮೆಂಟು ಗಿಲಾವು ಕೆರೆದು ತೆಗೆದು ಹೊರಗೆ ಸುಣ್ಣದ ಸಂದು. ಗೋಡೆಯ ತಲೆಯ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿ, ಗದಗಿನಿಂದ ಎಂಜಿನಿಯರನ್ನು ಕರೆಸಿ ಭಾರ ನೋಡಿಸಿ, ಮೇಲೆ ಸಪಾಟು ಸ್ಲ್ಯಾಬು. ಅಡಿಗೆ ಮನೆಗೆ ಮೇಲಿನಿಂದ ಬೆಳಕಿಂಡಿ. ಮೆಣಸಿನಕಾಯಿಗೆ ಜಾಗ ಉಳಿಯಿತು, ಚೇಳಿಗೆ ಉಳಿಯಲಿಲ್ಲ. ಸ್ನಾನದ ಮನೆಗಳು ಹಿತ್ತಲಿನಲ್ಲಿ ಬ್ಲಾಕಿನಲ್ಲೇ. ತಮ್ಮನ ಆಸೆ ಪೂರ್ತಿ ಮುರಿಯಬಾರದೆಂದು ಮುಂಭಾಗದ ಕಟ್ಟೆಯ ಮೇಲೆ ಎಂಟಡಿ ಅಗಲದ ಒಂದು ಇಳಿಜಾರು ಮಾಡು. ಅದಕ್ಕೆ ಶಿಂಗಲ್ಸೋ ಹೆಂಚೋ ಎಂಬುದನ್ನು ಅವನಿಗೇ ಬಿಟ್ಟು ಬಂದೆ.

ಬರುವಾಗ ಗದಗಿನ ಬಸ್ಸಿನಲ್ಲಿ ಕುಳಿತು ಕಣಗಿನಹಾಳದ ನೆನಪಾಯಿತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದೇ ಗದಗ ಸೀಮೆಯ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಾವು ನಡೆಸುತ್ತಿರುವ ಈ ಸಂಘಗಳೆಲ್ಲ ಅದರ ಹಿಂದೆ ಬಂದವು. ಒಬ್ಬನಲ್ಲಿ ಹೆಚ್ಚಾದದ್ದು ಇನ್ನೊಬ್ಬನಿಗೆ ಬಡ್ಡಿ ಸುಲಿಗೆಯಿಲ್ಲದೆ ಸಿಗಬೇಕೆಂಬುದು ಅವರ ಉದ್ದೇಶ. ನಾವು ಅದನ್ನು ಹಣಕ್ಕೂ ಗೊಬ್ಬರಕ್ಕೂ ಅನ್ವಯಿಸಿದ್ದೇವೆ. ಹೆಂಚಿಗೆ ಯಾಕೆ ಬಾರದು? ನಮ್ಮ ವ್ಯಾಪ್ತಿಯಲ್ಲಿ ಪ್ರತಿ ಬೇಸಿಗೆಯಲ್ಲೂ ಹಳೆಯ ಮನೆಗಳು ಬಿಚ್ಚಿಕೊಳ್ಳುತ್ತವೆ. ಒಳ್ಳೆಯ ಹೆಂಚು, ಜಂಬಿಟ್ಟಿಗೆ, ಹಲಸಿನ ಪಕಾಸು, ಕಲ್ಲಿನ ಮೆಟ್ಟಿಲು ಹಳ್ಳಕ್ಕೆ ಬೀಳುತ್ತವೆ ಇಲ್ಲವೇ ಗುಜರಿಯವನ ಪಾಲಾಗುತ್ತವೆ. ಅದೇ ತಿಂಗಳು ಎರಡು ಮೈಲಿ ಆಚೆಯ ಸದಸ್ಯರು ಕೊಟ್ಟಿಗೆಗೆ ಹೆಂಚು ಹುಡುಕಿಕೊಂಡು ತೀರ್ಥಹಳ್ಳಿಯವರೆಗೆ ಹೋಗಿ ಬರುತ್ತಾರೆ.

ಆದುದರಿಂದ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರು ತೆರೆದಿದ್ದೇನೆ. ಮನೆ, ಕೊಟ್ಟಿಗೆ, ಗೋದಾಮು ಬಿಚ್ಚುವವರು ಬಿಚ್ಚುವ ಹದಿನೈದು ದಿನ ಮುಂಚೆ ಅದರಲ್ಲಿ ಬರೆಸಿದರೆ, ಬೇಕಾದ ಸದಸ್ಯರಿಗೆ ತಿಳಿಸಲಾಗುವುದು. ಬೆಲೆಯನ್ನು ಕೊಡುವವರು ಕೊಳ್ಳುವವರು ತಮ್ಮಲ್ಲೇ ಮಾತಾಡಿಕೊಳ್ಳತಕ್ಕದ್ದು. ಸಂಘ ಕಮಿಷನ್ ಹಿಡಿಯುವುದಿಲ್ಲ.

ಮೊನ್ನೆ ತಮ್ಮನ ಫೋನು ಬಂದಿತ್ತು. ಕಟ್ಟೆಯ ಮಾಡಿಗೆ ಹೆಂಚೇ ಇರಲಿ, ಶಿಂಗಲ್ಸ್ ಹಾಕುವವರು ಅಷ್ಟು ಚಿಕ್ಕ ಕೆಲಸಕ್ಕೆ ಬರುವುದಿಲ್ಲವಂತೆ ಎಂದ. ಆದ್ದರಿಂದ ರಿಜಿಸ್ಟರಿನ ಮೊದಲ ಬರಹ ನನ್ನದೇ: ಹಳೆಯ ಕಾಫಿ ಗೋದಾಮಿನಿಂದ ಇಳಿಸಿದ ಮಂಗಳೂರು ಹೆಂಚು 1,100. ಅದರಲ್ಲಿ ಒಡೆಯುವುದೂ ಸೇರಿ 450 ಹಿರೇವಡ್ಡಟ್ಟಿಗೆ ಹೋಗುತ್ತವೆ. ಆ ಕಡೆಗೆ ಖಾಲಿ ಹೋಗುವ ಲಾರಿ ಯಾರದ್ದಾದರೂ ಇದ್ದರೆ ತಿಳಿಸಿ. ಉಳಿದ 650 ಬೇಕಾದವರು ದೀಪಾವಳಿಯೊಳಗೆ ಬಂದು ಎಣಿಸಿಕೊಂಡು ಹೋಗಬಹುದು.